ನಿದ್ದೆ ಬರಿಸೋ ಅಲರ್ಜಿ ಮಾತ್ರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಡಿಕಲ್ ಶಾಪ್ ಕೌಂಟರಲ್ಲಿ ನಿಂತು ಔಷಧಿ ಕೊಡೋ ಫಾರ್ಮಸಿಸ್ಟ್. ನಮ್ದು ತಾಲ್ಲೂಕು ಊರು, ಅಂಗಡಿ ಎದುರಿಗೇ ಬಸ್ ಸ್ಟ್ಯಾಂಡ್. ನೆಗಡಿ, ತುರಿಕೆ, ಘಾಟಿ ಬಸ್ಸಿನ ವಾಂತಿ ಅಂತ ಬರೋರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಕೆಳಗೆ ಮತ್ತೆ ಮತ್ತೆ ಅದೇ ಬರುತ್ತೆ. ಈ ಮಾತ್ರೆಗಳು ಕೆಟ್ಟವಲ್ಲ, ಸರಿಯಾಗಿ ತಗೊಂಡ್ರೆ ಒಳ್ಳೇ ಕೆಲಸ ಮಾಡ್ತವೆ, ಆದ್ರೆ ಒಂದೇ ಥರದ ಔಷಧಿ ನಾಲ್ಕು ಬೇರೆ ಬೇರೆ ಹೆಸರಿನ ಸ್ಟ್ರಿಪ್‌ನಲ್ಲಿ ಕೂತಿರುತ್ತೆ, ಅದು ಗೊತ್ತಿಲ್ದೆ ಎಲ್ಲಾನೂ ಒಟ್ಟಿಗೆ ನುಂಗಿದಾಗ್ಲೇ ಜಾಸ್ತಿ ತೊಂದ್ರೆ ಆಗೋದು.

ನಿದ್ದೆ ಬರಿಸೋ ಅಲರ್ಜಿ ಮಾತ್ರೆ ಅಂದ್ರೆ ಯಾವ್ಯಾವ್ದು?

ಅಲರ್ಜಿ ಆದಾಗ ಮೈಯಲ್ಲಿ ಹಿಸ್ಟಮಿನ್ ಅನ್ನೋ ರಾಸಾಯನಿಕ ಬಿಡುಗಡೆ ಆಗುತ್ತೆ, ಸೀನು, ಮೂಗಲ್ಲಿ ನೀರು, ಪಿತ್ತದ ಗಂಧೆ, ತುರಿಕೆ ಎಲ್ಲಾ ಬರೋದು ಅದರಿಂದ್ಲೇ, ಅದನ್ನ ತಡೆಯೋ ಔಷಧಿಗೆ ಆಂಟಿಹಿಸ್ಟಮಿನ್ ಅಂತಾರೆ. ಇದರಲ್ಲಿ ಹಳೇದು, ಹೊಸದು ಅಂತ ಎರಡು ಗುಂಪು. 1940ರ ದಶಕದಿಂದ ಬಳಕೆಗೆ ಬಂದ ಹಳೇ ಗುಂಪಿನವು ನಿದ್ದೆ ಬರಿಸ್ತವೆ: ಕ್ಲೋರ್‌ಫೆನಿರಮಿನ್ (ನಮ್ಮ ಕಡೆ ಸಿಪಿಎಂ ಅಂತಾರೆ), ಫೆನಿರಮಿನ್ ಅಂದ್ರೆ ಏವಿಲ್, ಡೈಫೆನ್‌ಹೈಡ್ರಮಿನ್ ಅಂದ್ರೆ ಬೆನಡ್ರಿಲ್ ಸಿರಪ್‌ನಲ್ಲಿರೋದು, ಪ್ರೊಮೆಥಜಿನ್ ಅಂದ್ರೆ ಫೆನರ್ಗನ್ ಮತ್ತು ಅವೋಮಿನ್, ಹೈಡ್ರಾಕ್ಸಿಜಿನ್ ಅಂದ್ರೆ ಅಟರಾಕ್ಸ್, ಸೈಪ್ರೊಹೆಪ್ಟಡಿನ್ ಅಂದ್ರೆ ಪ್ರಾಕ್ಟಿನ್. ಹೊಸ ಗುಂಪಲ್ಲಿ ಸೆಟ್ರಿಜಿನ್, ಲಿವೋಸೆಟ್ರಿಜಿನ್, ಲೋರಾಟಡಿನ್, ಫೆಕ್ಸೋಫೆನಡಿನ್, ಬಿಲಾಸ್ಟಿನ್ ಬರ್ತವೆ, ಇವು ನಿದ್ದೆ ಬರಿಸೋದು ಕಮ್ಮಿ.

ಈಗ ಮುಖ್ಯ ವಿಷಯ. ಅಂಗಡಿಗೆ ಬಂದು "ಏವಿಲ್ ಕೊಡಿ" ಅನ್ನೋರಿಗಿಂತ "ನೆಗಡಿ ಮಾತ್ರೆ ಕೊಡಿ" ಅನ್ನೋರೇ ಜಾಸ್ತಿ, ಆ ನೆಗಡಿ ಮಾತ್ರೆ ಒಳಗೆ ಇದು ಇದ್ದೇ ಇರುತ್ತೆ. ಸಿನಾರೆಸ್ಟ್‌ನಲ್ಲಿ ಕ್ಲೋರ್‌ಫೆನಿರಮಿನ್ ಇದೆ, ಚೆಸ್ಟನ್ ಕೋಲ್ಡ್‌ನಲ್ಲಿ ಸೆಟ್ರಿಜಿನ್ ಇದೆ, ಮೊಂಟೇರ್ ಎಲ್‌ಸಿ ಥರದ್ದರಲ್ಲಿ ಕೊನೆಗಿರೋ ಎಲ್‌ಸಿ ಅಂದ್ರೆ ಲಿವೋಸೆಟ್ರಿಜಿನ್, ಒಣಕೆಮ್ಮಿನ ಸಿರಪ್‌ಗಳಲ್ಲಿ ಸುಮಾರು ಬ್ರ್ಯಾಂಡ್‌ಗಳಲ್ಲಿ ಮತ್ತೆ ಅದೇ ಕ್ಲೋರ್‌ಫೆನಿರಮಿನ್. ಒಬ್ರು ಅಕ್ಕ ನೆಗಡಿಗೆ ಒಂದು ಸ್ಟ್ರಿಪ್, ಕೆಮ್ಮಿಗೆ ಒಂದು ಬಾಟ್ಲು, ಮೈ ತುರಿಕೆಗೆ ಚರ್ಮದ ಡಾಕ್ಟ್ರು ಬರೆದ ಅಟರಾಕ್ಸ್ ಮೂರನ್ನೂ ಕವರ್‌ನಿಂದ ತೆಗೆದು ಕೌಂಟರ್ ಮೇಲಿಟ್ಟು "ಎರಡು ದಿನದಿಂದ ಎದ್ದು ನಿಂತ್ರೆ ತಲೆ ಸುತ್ತುತ್ತೆ, ಬಿಪಿ ಇರ್ಬೇಕು, ನೋಡಿ" ಅಂದ್ರು. ಮೂರನ್ನೂ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸ್ದೆ, ಮೂರರಲ್ಲೂ ನಿದ್ದೆ ಬರಿಸೋ ಔಷಧಿ. ಬರೆದುಕೊಟ್ಟ ಡಾಕ್ಟ್ರಿಗೆ ಉಳಿದ ಎರಡರ ವಿಷಯ ಗೊತ್ತೇ ಇರ್ಲಿಲ್ಲ. ಅದಕ್ಕೇ ಸ್ಟ್ರಿಪ್‌ನ ಮುಂದಿನ ದೊಡ್ಡ ಹೆಸರು ನೋಡ್ಬೇಡಿ, ಹಿಂದೆ ಬರೆದಿರೋ ಔಷಧಿ ಹೆಸರು ನೋಡಿ, ಓದೋಕೆ ಆಗದಿದ್ರೆ ಅಂಗಡಿಯವ್ರನ್ನ ಕೇಳಿ, ಅದನ್ನ ಹೇಳೋದು ನಮ್ಮ ಕೆಲ್ಸ.

ಅಲರ್ಜಿಗೆ ಕೊಟ್ಟ ಮಾತ್ರೆಗೆ ನಿದ್ದೆ ಯಾಕೆ ಬರುತ್ತೆ?

ಹಿಸ್ಟಮಿನ್ ಮೂಗು, ಚರ್ಮದಲ್ಲಿ ಮಾತ್ರ ಇಲ್ಲ, ಮೆದುಳಲ್ಲೂ ಇದೆ, ಅಲ್ಲಿ ಅದರ ಕೆಲಸ ನಮ್ಮನ್ನ ಎಚ್ಚರವಾಗಿ ಇಡೋದು. ಹಳೇ ಔಷಧಿಗಳು ರಕ್ತದಿಂದ ಮೆದುಳಿಗೆ ಸಲೀಸಾಗಿ ಹೋಗ್ತವೆ, ಹೋಗಿ ಅಲ್ಲಿನ ಹಿಸ್ಟಮಿನ್ ಕೆಲಸವನ್ನೂ ತಡೀತವೆ, ಅದಕ್ಕೇ ಕಣ್ಣು ಎಳೆಯೋದು, ತಲೆ ಭಾರ, ಮಂಕು. ಹೊಸ ಔಷಧಿಗಳು ಅಷ್ಟಾಗಿ ಒಳಗೆ ಹೋಗಲ್ಲ, ಹೋದದ್ದನ್ನೂ ಮೆದುಳಿನ ರಕ್ತನಾಳದ ಗೋಡೆಯಲ್ಲಿರೋ ಒಂದು ಪ್ರೋಟೀನ್ ಪಂಪ್ ಹೊರಗೆ ಹಾಕುತ್ತೆ.

ಹಳೇ ಔಷಧಿಗಳದ್ದು ಇನ್ನೊಂದು ಗುಣ ಇದೆ. ಹಿಸ್ಟಮಿನ್ ಜೊತೆ ಅಸಿಟೈಲ್‌ಕೋಲಿನ್ ಅನ್ನೋ ಇನ್ನೊಂದು ರಾಸಾಯನಿಕವನ್ನೂ ತಡೀತವೆ. ಬಾಯಿ ಒಣಗೋದು, ಮಲಬದ್ಧತೆ, ಕಣ್ಣು ಮಂಜು, ಮೂತ್ರ ಕಟ್ಟೋದು, ವಯಸ್ಸಾದವ್ರಿಗೆ ಗಲಿಬಿಲಿ, ಇವೆಲ್ಲಾ ಬರೋದು ಅದರಿಂದ. ನಿದ್ದೆ ಬಗ್ಗೆ ಎಲ್ರೂ ಕೇಳ್ತಾರೆ, ಈ ಎರಡನೇದ್ರ ಬಗ್ಗೆ ಯಾರೂ ಕೇಳಲ್ಲ, ನಂಗೆ ಮಾತ್ರ ಇದೇ ಜಾಸ್ತಿ ಚಿಂತೆ.

ಸೆಟ್ರಿಜಿನ್‌ಗೆ ನಿದ್ದೆ ಬರಲ್ಲ ಅಂದ್ರು, ನಂಗೆ ಬರ್ತಾ ಇದೆಯಲ್ಲ?

ಬರ್ಬಹುದು, ನಿಮ್ಮ ಭ್ರಮೆ ಅಲ್ಲ. ಅಮೆರಿಕದ ಲೇಬಲ್‌ನಲ್ಲಿರೋ ಲೆಕ್ಕದ ಪ್ರಕಾರ 10 ಎಂಜಿ ಸೆಟ್ರಿಜಿನ್ ತಗೊಂಡ ದೊಡ್ಡೋರಲ್ಲಿ 100ಕ್ಕೆ ಸುಮಾರು 14 ಜನಕ್ಕೆ ಮಂಪರು ಬಂದಿತ್ತು, ಔಷಧಿ ಇಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ ಸುಮಾರು 6 ಜನಕ್ಕೆ. ಅಂದ್ರೆ ಸೆಟ್ರಿಜಿನ್ ಹೊಸ ಗುಂಪಲ್ಲಿದ್ರೂ ನಿದ್ದೆ ವಿಷಯದಲ್ಲಿ ಮಧ್ಯದಲ್ಲಿ ನಿಲ್ಲುತ್ತೆ. ರಾತ್ರಿ ತಗೊಂಡ್ರೂ ಮಂಪರು ಬಿಡ್ತಿಲ್ಲ ಅಂದ್ರೆ ಡಾಕ್ಟ್ರ ಹತ್ರ ಫೆಕ್ಸೋಫೆನಡಿನ್ (ಅಲೆಗ್ರಾ) ಅಥವಾ ಲೋರಾಟಡಿನ್ ಆಗುತ್ತಾ ಕೇಳಿ. ಫೆಕ್ಸೋಫೆನಡಿನ್ ನೀರಲ್ಲೇ ತಗೋಬೇಕು, ಕಿತ್ತಳೆ ಜ್ಯೂಸ್, ಸೇಬಿನ ಜ್ಯೂಸ್ ಜೊತೆ ತಗೊಂಡ್ರೆ ಮೈಗೆ ಹತ್ತೋದೇ ಕಮ್ಮಿ ಆಗುತ್ತೆ, ಗ್ಯಾಸ್‌ಗೆ ಕುಡಿಯೋ ಅಲ್ಯುಮಿನಿಯಂ ಮೆಗ್ನೀಸಿಯಂ ಇರೋ ಆಂಟಾಸಿಡ್ ಸಿರಪ್‌ಗೂ ಇದಕ್ಕೂ ಎರಡು ಗಂಟೆ ಅಂತರ ಇರ್ಲಿ. ಕಿಡ್ನಿ ತೊಂದ್ರೆ ಇರೋರು ಸೆಟ್ರಿಜಿನ್, ಲಿವೋಸೆಟ್ರಿಜಿನ್ ಡೋಸ್ ಕಮ್ಮಿ ಮಾಡ್ಕೋಬೇಕಾಗುತ್ತೆ, ಕಿಡ್ನಿಯಿಂದಲೇ ಅವು ಹೊರಗೆ ಹೋಗ್ಬೇಕು, ಅಲ್ಲಿ ನಿಧಾನ ಆದ್ರೆ ಮೈಯಲ್ಲೇ ಉಳಿದು ನಿದ್ದೆ ಜಾಸ್ತಿ ಮಾಡ್ತವೆ.

ರಾತ್ರಿ ಒಂದೇ ಮಾತ್ರೆ ತಗೊಂಡಿದ್ದು, ಬೆಳಿಗ್ಗೆ ಹತ್ತಾದ್ರೂ ಮಂಕು ಬಿಟ್ಟಿಲ್ಲ. ಯಾಕೆ?

ಮಾತ್ರೆ ಇನ್ನೂ ಮೈಯಲ್ಲೇ ಇದೆ, ಅದಕ್ಕೆ. ಕ್ಲೋರ್‌ಫೆನಿರಮಿನ್‌ನ ಅರ್ಧ ಭಾಗ ರಕ್ತದಿಂದ ಹೋಗೋಕೇ ದೊಡ್ಡವ್ರಲ್ಲಿ ಸುಮಾರು 20 ಗಂಟೆ ಬೇಕು, ಹೈಡ್ರಾಕ್ಸಿಜಿನ್‌ಗೂ ಹೆಚ್ಚುಕಮ್ಮಿ ಅಷ್ಟೇ, ವಯಸ್ಸಾದವ್ರಲ್ಲಿ ಇನ್ನೂ ಜಾಸ್ತಿ. ಕವರ್ ಮೇಲೆ ಆರು ಗಂಟೆಗೊಂದು, ಎಂಟು ಗಂಟೆಗೊಂದು ಅಂತ ಬರೆದಿರೋದು ನೋಡಿ ಎಂಟು ಗಂಟೆಗೆ ಖಾಲಿ ಆಗುತ್ತೆ ಅಂತ ಅಂದ್ಕೊಳ್ತಾರೆ, ಹಾಗಲ್ಲ. ಡಾಕ್ಟ್ರು ರಾತ್ರಿಗೆ ಅಂತಲೇ ಬರೆದಿದ್ರೆ ಹನ್ನೊಂದೂವರೆಗೆ ಮಲಗೋ ಹೊತ್ತಲ್ಲಿ ನುಂಗ್ಬೇಡಿ, ಊಟ ಆದ್ಮೇಲೆ ಎಂಟು ಗಂಟೆಗೇ ತಗೊಳ್ಳಿ, ಬೆಳಿಗ್ಗೆ ಸ್ವಲ್ಪ ಹಗುರ ಇರುತ್ತೆ. ನೈಟ್ ಶಿಫ್ಟ್ ಇರೋರು ಇದನ್ನ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳ್ಬೇಕು, ಅವರು "ರಾತ್ರಿಗೆ ಒಂದು" ಅಂತ ಬರೆಯೋದು ನೀವು ರಾತ್ರಿ ಮಲಗ್ತೀರ ಅಂತ ಅಂದ್ಕೊಂಡು.

ಮಾತ್ರೆ ತಗೊಂಡು ಗಾಡಿ ಓಡಿಸಬಹುದಾ? ನಂಗೇನೂ ನಿದ್ದೆ ಬಂದಂಗೆ ಅನ್ಸಲ್ಲ.

ಹಳೇ ಗುಂಪಿನ ಮಾತ್ರೆ ಆದ್ರೆ ಬೇಡ. "ನಂಗೇನೂ ಅನ್ಸಲ್ಲ" ಅನ್ನೋದೇ ಇಲ್ಲಿ ಮೋಸ ಮಾಡೋದು.

2000ದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವ್ರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ಗಾಡಿ ಓಡಿಸೋ ಸಿಮ್ಯುಲೇಟರ್‌ನಲ್ಲಿ 40 ಜನರನ್ನ ಕೂರಿಸಿ, ಅದೇ ಜನಕ್ಕೆ ಬೇರೆ ಬೇರೆ ದಿನ ಒಮ್ಮೆ 50 ಎಂಜಿ ಡೈಫೆನ್‌ಹೈಡ್ರಮಿನ್, ಒಮ್ಮೆ ಫೆಕ್ಸೋಫೆನಡಿನ್, ಒಮ್ಮೆ ಮದ್ಯ, ಒಮ್ಮೆ ಖಾಲಿ ಮಾತ್ರೆ ಕೊಟ್ಟು ನೋಡಿದ್ರು. ಮುಂದಿನ ಕಾರಿನ ವೇಗಕ್ಕೆ ಹೊಂದಿಕೊಂಡು ಹೋಗೋದ್ರಲ್ಲಿ ಡೈಫೆನ್‌ಹೈಡ್ರಮಿನ್ ತಗೊಂಡಾಗಿನ ಓಡಿಸುವಿಕೆ ಮದ್ಯ ಕುಡಿದಾಗಿನದಕ್ಕಿಂತ ಕೆಟ್ಟದಾಗಿತ್ತು. ಆ ಮದ್ಯದ ಪ್ರಮಾಣ 100 ಮಿಲಿ ರಕ್ತಕ್ಕೆ ಸುಮಾರು 100 ಎಂಜಿ, ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿರೋ ಮಿತಿ 30 ಎಂಜಿ, ಅಂದ್ರೆ ಮೂರು ಪಟ್ಟಿಗಿಂತ ಜಾಸ್ತಿ ಕುಡಿದವ್ರಿಗೆ ಹೋಲಿಸಿ ಹೇಳ್ತಿರೋದು. ಫೆಕ್ಸೋಫೆನಡಿನ್ ತಗೊಂಡಾಗ ಖಾಲಿ ಮಾತ್ರೆ ತಗೊಂಡಂಗೇ ಓಡಿಸಿದ್ರು. ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಇನ್ನೊಂದು ವಿಷಯ: ಎಷ್ಟು ನಿದ್ದೆ ಬರ್ತಿದೆ ಅಂತ ಅವರೇ ಹೇಳಿದ್ದಕ್ಕೂ, ಅವರು ಎಷ್ಟು ಕೆಟ್ಟದಾಗಿ ಓಡಿಸಿದ್ರು ಅನ್ನೋದಕ್ಕೂ ಸರಿಯಾದ ತಾಳೆನೇ ಇರ್ಲಿಲ್ಲ. ಅಂದ್ರೆ ನಿದ್ದೆ ಬಂದಂಗೆ ಅನ್ಸದಿದ್ರೂ ಬ್ರೇಕ್ ಒತ್ತೋ ಕಾಲು ತಡ ಆಗಿರುತ್ತೆ.

ಮೂರ್ನಾಲ್ಕು ದಿನ ಬಿಡದೆ ತಗೊಂಡ್ರೆ ಮೈಗೆ ಒಗ್ಗುತ್ತೆ ಅಂತಾರೆ, ನಿದ್ದೆ ಬರೋದು ಎಷ್ಟೋ ಜನಕ್ಕೆ ಕಮ್ಮಿ ಆಗೋದು ನಿಜ. ಅದನ್ನ ನಂಬ್ಕೊಂಡು ಬೈಕ್ ತೆಗೀಬೇಡಿ, ಎಲ್ರಿಗೂ ಒಂದೇ ಥರ ಒಗ್ಗಲ್ಲ, ಬಾಯಿ ಒಣಗೋದು, ಮೂತ್ರ ಕಟ್ಟೋದು ಇದ್ರಲ್ಲಿ ಕಮ್ಮಿ ಆಗುತ್ತೆ ಅನ್ನೋ ಭರವಸೆನೂ ಇಲ್ಲ. ಆಟೋ, ಲಾರಿ, ಬಸ್ ಓಡಿಸೋರು, ಟ್ರ್ಯಾಕ್ಟರ್ ರೋಟವೇಟರ್ ಹತ್ರ ಕೆಲಸ ಮಾಡೋರು, ದೋಟಿ ಹಿಡಿದು ಅಡಿಕೆ ಕೊಯ್ಯೋರು, ಮರ ಹತ್ತೋರು, ಕಲ್ಲುಕ್ವಾರಿ, ಗಾರೆ ಕೆಲಸದವ್ರು, ಇವರೆಲ್ಲಾ ನೆಗಡಿ ಮಾತ್ರೆ ಕೇಳುವಾಗ ಏನು ಕೆಲಸ ಮಾಡ್ತೀವಿ ಅನ್ನೋದನ್ನೂ ಹೇಳಿ. ಅಂಗಡಿಯವ್ರು ಕೇಳದಿದ್ರೂ ನೀವೇ ಹೇಳಿ.

ಸ್ಟ್ರಾಂಗ್ ಕಾಫಿ ಕುಡಿದ್ರೆ ಸರಿ ಹೋಗುತ್ತಲ್ವಾ?

ಸ್ವಲ್ಪ ಹೊತ್ತು ಕಣ್ಣು ಬಿಟ್ಟಂಗೆ ಆಗುತ್ತೆ ಅಷ್ಟೇ. ಕಾಫಿಗೆ ಔಷಧಿ ಹೊರಗೆ ಹಾಕೋ ಶಕ್ತಿ ಇಲ್ಲ. ಕಾಫಿ ಕುಡಿದು ಗಾಡಿ ಓಡಿಸೋಕೆ ಹೋಗ್ಬೇಡಿ, ಸಾಧ್ಯ ಆದ್ರೆ ಒಂದು ಜೋಂಪು ತೆಗೀರಿ.

ಮಾತ್ರೆ ತಗೊಂಡ ದಿನ ಒಂದೇ ಒಂದು ಪೆಗ್ ಆಗುತ್ತಾ?

ಬೇಡ. ಎರಡೂ ಮೆದುಳನ್ನೇ ಮಂಕು ಮಾಡೋವು, ಒಟ್ಟಿಗೆ ಸೇರಿದ್ರೆ ಎರಡಕ್ಕೆರಡು ಕೂಡಿದಷ್ಟೇ ಅಲ್ಲ, ಉಸಿರಾಟ ನಿಧಾನ ಆಗೋವರೆಗೂ ಹೋಗ್ಬಹುದು. ಮದ್ಯ ಮಾತ್ರ ಅಲ್ಲ, ಆಲ್‌ಪ್ರಜೋಲಾಮ್ ಥರದ ನಿದ್ದೆ ಅಥವಾ ಆತಂಕದ ಮಾತ್ರೆ, ಟ್ರಮಡಾಲ್ ಇರೋ ನೋವಿನ ಮಾತ್ರೆ, ಕೊಡೀನ್ ಇರೋ ಕೆಮ್ಮಿನ ಸಿರಪ್, ನರದ ನೋವಿಗೆ ಕೊಡೋ ಪ್ರಿಗಬಾಲಿನ್, ಗಬಪೆಂಟಿನ್ ಇವೂ ಅಷ್ಟೇ. ಸಕ್ಕರೆ ಕಾಯಿಲೆಯಿಂದ ಪಾದ ಉರಿ ಅಂತ ಪ್ರಿಗಬಾಲಿನ್ ತಗೊಳ್ಳೋರು ನಮ್ಮಲ್ಲಿ ತುಂಬಾ ಇದ್ದಾರೆ, ಅವ್ರು ನೆಗಡಿ ಬಂತು ಅಂತ ಯಾರನ್ನೂ ಕೇಳ್ದೆ ಮಾತ್ರೆ ಸೇರಿಸ್ಕೊಂಡ್ರೆ ರಾತ್ರಿ ಬಾತ್‌ರೂಮಿಗೆ ಎದ್ದಾಗ ಜೋಲಿ ಹೊಡೀತಾರೆ.

ಬಾಯಿ ಒಣಗುತ್ತೆ, ಹೊಟ್ಟೆ ಕಟ್ಟುತ್ತೆ. ಮನೇಲೇ ಏನ್ ಮಾಡ್ಬಹುದು?

ಬಾಯಿಗೆ ಆಗಾಗ ಒಂದೊಂದು ಗುಟುಕು ನೀರು, ಏಲಕ್ಕಿ ಅಥವಾ ಸೋಂಪು ಜಗಿಯೋದು, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್. ಸಕ್ಕರೆ ಪೆಪ್ಪರ್‌ಮಿಂಟ್ ಬೇಡ, ಎಂಜಲು ಕಮ್ಮಿ ಇರೋ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತೆ. ಕಟ್ಟುಹಲ್ಲು ಹಾಕ್ಕೊಳ್ಳೋ ಅಜ್ಜಿ ತಾತನವ್ರಿಗೆ ಬಾಯಿ ಒಣಗಿದ್ರೆ ವಸಡು ಉಜ್ಜಿ ಹುಣ್ಣಾಗುತ್ತೆ, ಅದನ್ನ ಗಮನಿಸಿ.

ಹೊಟ್ಟೆ ಕಟ್ಟೋದಕ್ಕೆ ನೀರು, ಸೊಪ್ಪು, ಪರಂಗಿ ಹಣ್ಣು, ರಾಗಿ, ಸ್ವಲ್ಪ ಓಡಾಟ. ಎರಡು ಮೂರು ದಿನದ ಮಾತ್ರೆಗೆ ಇಷ್ಟು ಸಾಕು. ತಿಂಗಳುಗಟ್ಟಲೆ ತಗೊಳ್ಳೋರಿಗೆ ಮಲಬದ್ಧತೆ ಬಂದ್ರೆ ಅದಕ್ಕೊಂದು ಭೇದಿ ಮಾತ್ರೆ ಸೇರಿಸೋದಲ್ಲ, ಮೊದಲನೇ ಮಾತ್ರೆ ಬದಲಾಯಿಸೋಕೆ ಆಗುತ್ತಾ ಅಂತ ಕೇಳ್ಬೇಕು.

ಕಣ್ಣು ಮಂಜಾದ್ರೆ ಸಾಮಾನ್ಯವಾಗಿ ಔಷಧಿ ಬಿಟ್ಮೇಲೆ ಸರಿ ಹೋಗುತ್ತೆ. ಆದ್ರೆ ಕಣ್ಣು ಕೆಂಪಾಗಿ ವಿಪರೀತ ನೋವು, ದೀಪದ ಸುತ್ತ ಬಣ್ಣದ ಬಳೆ ಕಾಣೋದು, ವಾಂತಿ ಬಂದಂಗೆ ಆಗೋದು, ಇವು ಬಂದ್ರೆ ಅದು ಗ್ಲಾಕೋಮಾ, ಅಂದ್ರೆ ಕಣ್ಣೊಳಗಿನ ಒತ್ತಡ, ಒಂದೇ ಸಲಕ್ಕೆ ಏರಿರೋದು ಇರ್ಬಹುದು, ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ, ನಾಳೆ ನೋಡೋಣ ಅನ್ಬೇಡಿ.

ಅಪ್ಪಂಗೆ ಎಪ್ಪತ್ತೆರಡು ವರ್ಷ. ನೆಗಡಿ ಮಾತ್ರೆ ಕೊಟ್ಮೇಲೆ ಏನೇನೋ ಮಾತಾಡ್ತಾರೆ, ಮೂತ್ರನೂ ಸರಿಯಾಗಿ ಹೋಗ್ತಿಲ್ಲ. ಸಂಬಂಧ ಇದೆಯಾ?

ಇರ್ಬಹುದು, ಮೊದ್ಲು ಆ ಮಾತ್ರೆ ನಿಲ್ಲಿಸಿ. ಅಮೆರಿಕದ ವೃದ್ಧರ ವೈದ್ಯರ ಸಂಘದವ್ರು 65 ದಾಟಿದವ್ರಿಗೆ ಕೊಡದೇ ಇರೋದು ಒಳ್ಳೇದು ಅನ್ನೋ ಔಷಧಿಗಳ ಒಂದು ಪಟ್ಟಿ ಇಟ್ಟಿದ್ದಾರೆ, ಬಿಯರ್ಸ್ ಪಟ್ಟಿ ಅಂತಾರೆ, ಹಳೇ ಆಂಟಿಹಿಸ್ಟಮಿನ್‌ಗಳು ಅದರಲ್ಲಿವೆ. ವಯಸ್ಸಾದಂಗೆ ಔಷಧಿ ಹೊರಗೆ ಹೋಗೋದು ನಿಧಾನ, ಮೆದುಳು ಇದಕ್ಕೆ ಬೇಗ ಬಗ್ಗುತ್ತೆ, ಹಾಗಾಗಿ ಯುವಕರಿಗೆ ಬರೀ ಮಂಪರು ತರೋ ಡೋಸ್‌ಗೇ ತಾತಂದಿರಿಗೆ ಯಾವ ಊರಲ್ಲಿದ್ದೀನಿ ಅನ್ನೋದೇ ಮರೆತುಹೋಗೋ ಗಲಿಬಿಲಿ ಬರ್ಬಹುದು. ಮನೆಯವ್ರು "ಅರಳು ಮರಳು ಶುರುವಾಯ್ತು, ವಯಸ್ಸಾಯ್ತಲ್ಲ" ಅಂತ ಸುಮ್ನಾಗ್ಬಿಡ್ತಾರೆ. ಈ ವಾರ ಹೊಸದಾಗಿ ಯಾವ ಮಾತ್ರೆ ಶುರುವಾಯ್ತು ಅಂತ ನೋಡೋರೇ ಇಲ್ಲ. ದಯವಿಟ್ಟು ನೋಡಿ. ವಯಸ್ಸಾದವ್ರಲ್ಲಿ ಒಂದೆರಡು ದಿನದಲ್ಲಿ ದಿಢೀರ್ ಬಂದ ಮರೆವು, ಗಲಿಬಿಲಿ ಅಂದ್ರೆ ಮೊದ್ಲು ಔಷಧಿ ಡಬ್ಬ ತೆಗೀಬೇಕು. ಡಬ್ಬದಲ್ಲಿ ಏನೂ ಸಿಗದಿದ್ರೆ ಇನ್ಫೆಕ್ಷನ್ನೋ, ಸೋಡಿಯಂ ಕಮ್ಮಿನೋ, ಅದನ್ನ ಡಾಕ್ಟ್ರೇ ನೋಡ್ಬೇಕು, ಹಾಗಾಗಿ ಮಾತ್ರೆ ನಿಲ್ಲಿಸಿ ಮನೇಲೇ ಕಾಯ್ಬೇಡಿ.

ಮೂತ್ರದ್ದು ಇನ್ನೂ ತುರ್ತು. ಪ್ರಾಸ್ಟೇಟ್ ಗ್ರಂಥಿ ದಪ್ಪ ಆಗಿರೋ ಗಂಡಸರಿಗೆ ದಾರಿ ಮೊದ್ಲೇ ಕಿರಿದಾಗಿರುತ್ತೆ, ಈ ಮಾತ್ರೆ ಮೂತ್ರಕೋಶದ ಸ್ನಾಯು ಒತ್ತೋ ಶಕ್ತಿನೇ ಕಮ್ಮಿ ಮಾಡುತ್ತೆ, ಕಟ್ಟಿದ ಮೂಗಿಗೆ ಅಂತ ನೆಗಡಿ ಮಾತ್ರೆಯಲ್ಲಿ ಜೊತೆಗಿರೋ ಫಿನೈಲೆಫ್ರಿನ್ ಮೂತ್ರಕೋಶದ ಕತ್ತಿನ ಭಾಗ ಬಿಗಿ ಮಾಡುತ್ತೆ, ಎರಡೂ ಸೇರಿ ಪೂರ್ತಿ ಕಟ್ಟಿಬಿಡ್ಬಹುದು. ಹೊಟ್ಟೆ ಕೆಳಗೆ ಉಬ್ಬಿ, ಮೂತ್ರಕ್ಕೆ ಅರ್ಜೆಂಟಾಗಿ ಹೋಗ್ಬೇಕು ಅನ್ಸಿದ್ರೂ ಒಂದು ಹನಿನೂ ಬರ್ತಿಲ್ಲ ಅಂದ್ರೆ ಜಾಸ್ತಿ ನೀರು ಕುಡಿಸ್ಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ನಳಿಗೆ ಹಾಕಿ ತೆಗೀಬೇಕಾಗುತ್ತೆ. ಬಿಪಿ ಇರೋರಿಗೆ ಅದೇ ಫಿನೈಲೆಫ್ರಿನ್ ಬಿಪಿನೂ ಏರಿಸ್ಬಹುದು.

ನಿದ್ದೆಗೆ ಅಥವಾ ನರಕ್ಕೆ ಅಮಿಟ್ರಿಪ್ಟಿಲಿನ್, ಪದೇ ಪದೇ ಮೂತ್ರ ಬರೋದಕ್ಕೆ ಆಕ್ಸಿಬ್ಯುಟಿನಿನ್, ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ (ಪಾಸಿಟೇನ್) ತಗೊಳ್ತಿರೋರಿಗೆ ಅಸಿಟೈಲ್‌ಕೋಲಿನ್ ತಡೆಯೋ ಈ ಗುಣ ಆಗ್ಲೇ ಅರ್ಧ ತುಂಬಿರುತ್ತೆ, ಮೇಲೆ ನೆಗಡಿ ಮಾತ್ರೆ ಬಿದ್ರೆ ತುಂಬಿ ಹರಿಯುತ್ತೆ. ವಯಸ್ಸಾದವ್ರ ನೆಗಡಿಗೆ ಉಪ್ಪುನೀರಿನ ಮೂಗಿನ ಸ್ಪ್ರೇ, ಹಬೆ, ಜ್ವರ ಇದ್ರೆ ಬರೀ ಪ್ಯಾರಾಸಿಟಮಾಲ್, ಅಷ್ಟರಲ್ಲೇ ನಡೆಯೋದು ನೋಡಿ. ತುರಿಕೆಗೆ ಮಾತ್ರೆ ಬೇಕೇ ಬೇಕಂದ್ರೆ ಹೊಸ ಗುಂಪಿಂದು ಕೇಳಿ. ಅಟರಾಕ್ಸ್ ಬಗ್ಗೆ ಒಂದು ಮಾತು, ಹೃದಯದ ಬಡಿತದ ಲಯ ತಪ್ಪೋ ಅಪಾಯ ಇರೋದ್ರಿಂದ 2015ರಲ್ಲಿ ಯುರೋಪಿನ ಔಷಧ ಸಂಸ್ಥೆ ಅದನ್ನ ವಯಸ್ಸಾದವ್ರಿಗೆ ಕೊಡ್ಲೇಬೇಡಿ ಅಂತ ಸಲಹೆ ಕೊಟ್ಟು, ತಪ್ಪಿಸೋಕೇ ಆಗದಿದ್ರೆ ದಿನಕ್ಕೆ 50 ಎಂಜಿ ದಾಟಬಾರದು ಅಂತ ಹೇಳ್ತು.

ಮಗು ಸರಿಯಾಗಿ ಮಲಗ್ತಿಲ್ಲ, ರಾತ್ರಿ ಪ್ರಯಾಣ ಬೇರೆ ಇದೆ. ಸ್ವಲ್ಪ ನೆಗಡಿ ಸಿರಪ್ ಹಾಕ್ಲಾ?

ಇಲ್ಲ, ಖಂಡಿತ ಬೇಡ. ಈ ಪ್ರಶ್ನೆ ಕೇಳೋ ತಾಯಂದಿರ ಸುಸ್ತು ನಂಗೆ ಅರ್ಥ ಆಗುತ್ತೆ, ಆದ್ರೂ ಬೇಡ. ಒಂದು, ಕೆಲವು ಮಕ್ಕಳಿಗೆ ಇದು ಉಲ್ಟಾ ಹೊಡೆಯುತ್ತೆ, ಮಲಗೋ ಬದ್ಲು ರಾತ್ರಿಯೆಲ್ಲಾ ಕುಣಿದು ಅತ್ತು ರಂಪ ಮಾಡ್ತವೆ. ಎರಡು, ಚಿಕ್ಕ ಮಕ್ಕಳಿಗೆ ಉಸಿರಾಟ ನಿಧಾನ ಆಗೋ ಅಪಾಯ ನಿಜವಾಗ್ಲೂ ಇದೆ. ಪ್ರೊಮೆಥಜಿನ್ ಎರಡು ವರ್ಷದ ಒಳಗಿನವ್ರಿಗೆ ಕೊಡ್ಲೇಬಾರದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಔಷಧಿಯನ್ನ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಬಳಸಬಾರದು ಅಂತ ಲೇಬಲ್ ಮೇಲೆ ಹಾಕ್ಬೇಕು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದ್ದಾರೆ. ಹಿರಿ ಮಗಳದ್ದು ಉಳಿದಿತ್ತು ಅಂತ ಫ್ರಿಜ್‌ನಿಂದ ತೆಗೆದು ಚಿಕ್ಕವನಿಗೆ ಹಾಕೋದು, ಅಡುಗೆ ಮನೆ ಚಮಚದಲ್ಲಿ ಅಳೆಯೋದು, ಎರಡೂ ಬಿಡಿ. ಡಾಕ್ಟ್ರು ಬರೆದಿದ್ರೆ ಬಾಟ್ಲು ಜೊತೆ ಬರೋ ಮುಚ್ಚಳ ಅಥವಾ ಡ್ರಾಪರ್‌ನಲ್ಲೇ, ತೂಕಕ್ಕೆ ಹೇಳಿದಷ್ಟೇ ಕೊಡಿ.

ಘಾಟಿಯಲ್ಲಿ ವಾಂತಿ ಆಗುತ್ತೆ ಅಂತ ಅವೋಮಿನ್ ತಗೊಳ್ತೀವಿ. ಅದೂ ಇದೇನಾ?

ಇದೇ. ಚಾರ್ಮಾಡಿ, ಆಗುಂಬೆ, ಶಿರಾಡಿ ಕಡೆ ಹೋಗೋರು ನಮ್ಮ ಅಂಗಡೀಲಿ ಬಸ್ ಹೊರಡೋ ಹೊತ್ತಲ್ಲಿ ಓಡಿ ಬಂದು ಕೇಳ್ತಾರೆ, ಆಗ ನುಂಗಿದ್ರೆ ಮೊದಲ ತಿರುವುಗಳಿಗೆ ಏನೂ ಪ್ರಯೋಜನ ಇಲ್ಲ, ಇಳಿಯೋ ಹೊತ್ತಿಗೆ ತೂಕಡಿಕೆ ಮಾತ್ರ ಉಳಿಯುತ್ತೆ. ಘಾಟಿ ಶುರುವಾಗೋ ಒಂದು ಗಂಟೆ ಮುಂಚೆ ತಗೋಬೇಕು. ನಿದ್ದೆ ಬರಲ್ಲ ಅಂತ ಇದರ ಬದ್ಲು ಸೆಟ್ರಿಜಿನ್, ಅಲೆಗ್ರಾ ತಗೊಂಡ್ರೆ ವಾಂತಿ ನಿಲ್ಲಲ್ಲ, ಪ್ರಯಾಣದ ವಾಂತಿಗೆ ಮೆದುಳಿಗೆ ಹೋಗೋ ಹಳೇ ಔಷಧಿನೇ ಬೇಕು. ಹಾಗಾಗಿ ಇಲ್ಲಿ ನಿದ್ದೆ ಒಪ್ಕೊಳ್ಳಿ, ಬಸ್ಸಲ್ಲಿ ಕೂತು ಹೋಗೋರಿಗೆ ಪರವಾಗಿಲ್ಲ. ಡ್ರೈವರ್ ಸೀಟಲ್ಲಿರೋರು ಮಾತ್ರ ತಗೋಬಾರದು, ಇಳಿದ ಮೇಲೆ ಬೈಕ್ ಹತ್ತೋ ಪ್ಲಾನ್ ಇರೋರೂ ಅಷ್ಟೇ. ಮುಂದಿನ ಸೀಟು, ದೂರ ನೋಡೋದು, ಹೊರಡೋ ಮುಂಚೆ ಹೊಟ್ಟೆ ಬಿರಿಯ ತಿನ್ನದೇ ಇರೋದು, ಇವೂ ಕೆಲಸ ಮಾಡ್ತವೆ.

ನಿದ್ದೆ ಬರಲ್ಲ, ಏವಿಲ್ ತಗೊಂಡು ಮಲಗೋದು ತಪ್ಪಾ?

ಒಳ್ಳೇ ದಾರಿ ಅಲ್ಲ. ಕೆಲವೇ ದಿನದಲ್ಲಿ ನಿದ್ದೆ ಬರಿಸೋ ಗುಣಕ್ಕೆ ಮೈ ಒಗ್ಗುತ್ತೆ, ಆಮೇಲೆ ಒಂದರ ಬದ್ಲು ಎರಡು ಶುರುವಾಗುತ್ತೆ, ಬೆಳಿಗ್ಗೆ ಮಂಕು, ಒಣ ಬಾಯಿ ಮಾತ್ರ ಹಾಗೇ ಇರುತ್ತೆ. ವಾರಗಟ್ಟಲೆ ನಿದ್ದೆ ಇಲ್ಲ ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ, ಅದನ್ನ ಹುಡುಕೋ ಡಾಕ್ಟ್ರ ಹತ್ರ ಹೋಗಿ.

ಬಸುರಿಯರು, ಹಾಲು ಕುಡಿಸೋರು ತಗೋಬಹುದಾ?

ಬಸುರಿಯರ ವಾಂತಿಗೆ ಡಾಕ್ಟ್ರು ಕೊಡೋ ಡಾಕ್ಸಿನೇಟ್‌ನಲ್ಲಿರೋ ಡಾಕ್ಸಿಲಮಿನ್ ಕೂಡ ನಿದ್ದೆ ಬರಿಸೋ ಆಂಟಿಹಿಸ್ಟಮಿನ್ನೇ, ಬಸುರಿಯರಲ್ಲಿ ತುಂಬಾ ವರ್ಷದಿಂದ ಬಳಕೆಯಲ್ಲಿರೋದು, ಅದಕ್ಕೆ ಹೆದರ್ಬೇಡಿ. ಆದ್ರೆ ಅದರ ಮೇಲೆ ನೆಗಡಿ ಮಾತ್ರೆ ನೀವೇ ಸೇರಿಸ್ಬೇಡಿ. ಬಾಣಂತಿಯರಿಗೆ ಲೋರಾಟಡಿನ್, ಸೆಟ್ರಿಜಿನ್ ಥರದ್ದನ್ನ ಡಾಕ್ಟ್ರು ಆರಿಸ್ತಾರೆ, ಹಳೇವು ಎದೆಹಾಲಲ್ಲಿ ಹೋಗಿ ಮಗು ತೂಕಡಿಸ್ಬಹುದು, ಹಾಲೂ ಕಮ್ಮಿ ಆಗ್ಬಹುದು. ಮಗು ಎಬ್ಬಿಸಿದ್ರೂ ಹಾಲು ಕುಡೀತಿಲ್ಲ ಅಂದ್ರೆ ತಕ್ಷಣ ತೋರಿಸಿ.

ಹಸಿವಿಗೆ ಅಂತ ಕೊಟ್ಟ ಸಿರಪ್‌ನಿಂದ ಮಗ ಸ್ಕೂಲಲ್ಲಿ ನಿದ್ದೆ ಮಾಡ್ತಾನಂತೆ?

ಬಾಟ್ಲು ಹಿಂದೆ ಸೈಪ್ರೊಹೆಪ್ಟಡಿನ್ ಅಂತ ಇದೆಯಾ ನೋಡಿ. ಅದು ಆಂಟಿಹಿಸ್ಟಮಿನ್, ಹಸಿವು ಜಾಸ್ತಿ ಆಗೋದು ಅದರ ಸೈಡ್ ಎಫೆಕ್ಟ್, ಅದನ್ನೇ ಉಪಯೋಗಕ್ಕೆ ಅಂತ ಕೊಡ್ತಾರೆ. ನಿಲ್ಲಿಸಿದ್ರೆ ಹಸಿವೂ ಮೊದಲಿನ ಥರ ಆಗುತ್ತೆ. ತೂಕ ಬರ್ಲಿ ಅಂತ ಕಾಲೇಜ್ ಹುಡುಗ ಹುಡುಗೀರು ತಾವೇ ತಿಂಗಳುಗಟ್ಟಲೆ ತಗೊಳ್ಳೋದು ನೋಡಿದಾಗ ನಿಜವಾಗ್ಲೂ ಬೇಜಾರಾಗುತ್ತೆ.

ಬಿಸಿಲಿಗೂ ಇದಕ್ಕೂ ಏನಾದ್ರೂ ಸಂಬಂಧ?

ಇದೆ. ಹಳೇ ಔಷಧಿಗಳು ಬೆವರು ಕಮ್ಮಿ ಮಾಡ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಬೇಸಿಗೇಲಿ 40 ಡಿಗ್ರಿ ದಾಟೋ ಬಿಸಿಲಲ್ಲಿ ಹೊಲದಲ್ಲಿ, ರೋಡ್ ಕೆಲಸದಲ್ಲಿ ಇರೋರಿಗೆ ಬೆವರು ಬರದಿದ್ರೆ ಮೈ ಕಾದು ಬಿಸಿಲು ಬಡಿಯುತ್ತೆ. ಆ ದಿನಗಳಲ್ಲಿ ಬೆಳಗಿನ ಹೊತ್ತು ಈ ಮಾತ್ರೆ ತಗೋಬೇಡಿ.

ಎಲ್‌ಸಿ ಮಾತ್ರೆ ಶುರು ಮಾಡಿದ್ಮೇಲೆ ಕೆಟ್ಟ ಕನಸು, ಮನಸ್ಸಿಗೆ ಒಂಥರಾ. ಇದೂ ಅಲರ್ಜಿ ಔಷಧಿ ಕಾರಣನಾ?

ಆ ಮಾತ್ರೆಯಲ್ಲಿ ಜೊತೆಗಿರೋ ಮೊಂಟೆಲುಕಾಸ್ಟ್ ಅನ್ನೋ ಬೇರೆ ಔಷಧಿ ಕಾರಣ ಇರ್ಬಹುದು. ಮನಸ್ಸಿನ ಮೇಲಿನ ಪರಿಣಾಮದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅದಕ್ಕೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಖಿನ್ನತೆ, ಸಿಡುಕು, ಸಾಯೋ ಯೋಚನೆ ಥರ ಏನಾದ್ರೂ ಕಂಡ್ರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟ್ರಿಗೆ ಹೇಳಿ, ಮಕ್ಕಳಲ್ಲಿ ಇದನ್ನ ವಿಶೇಷವಾಗಿ ಗಮನಿಸಿ.

ವರ್ಷಗಟ್ಟಲೆ ಸೆಟ್ರಿಜಿನ್ ತಗೊಂಡೆ. ನಿಲ್ಲಿಸಿದ ತಕ್ಷಣ ಮೈಯೆಲ್ಲಾ ವಿಪರೀತ ತುರಿಕೆ. ಅಲರ್ಜಿ ವಾಪಸ್ ಬಂತಾ?

ಅಲರ್ಜಿನೇ ಆಗಿರ್ಬೇಕಂತಿಲ್ಲ. ಸೆಟ್ರಿಜಿನ್, ಲಿವೋಸೆಟ್ರಿಜಿನ್ ದಿನಾ ತುಂಬಾ ಕಾಲ ತಗೊಂಡು ನಿಲ್ಲಿಸಿದಾಗ ಕೆಲವ್ರಿಗೆ ಜೋರು ತುರಿಕೆ ಬರುತ್ತೆ ಅಂತ 2025ರ ಮೇ ತಿಂಗಳಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ. ಅಪರೂಪ, ಆದ್ರೆ ಬಂದವ್ರಿಗೆ ತುಂಬಾ ಹಿಂಸೆ. ಇದು ಗೊತ್ತಿಲ್ದೆ "ಮಾತ್ರೆ ಬಿಟ್ರೆ ಆಗಲ್ಲ" ಅಂತ ಜೀವನಪೂರ್ತಿ ತಗೊಳ್ಳೋರು ಇರ್ತಾರೆ. ಡಾಕ್ಟ್ರನ್ನ ಕೇಳಿ ಮತ್ತೆ ಶುರು ಮಾಡಿ ನಿಧಾನಕ್ಕೆ ಕಮ್ಮಿ ಮಾಡ್ತಾ ಬಂದ್ರೆ ಕೆಲವ್ರಿಗೆ ಸರಿ ಹೋಗಿದೆ.

ವರ್ಷಪೂರ್ತಿ ಸೀನು ಇರೋರಿಗೆ, ಧೂಳು, ಕಾಂಗ್ರೆಸ್ ಗಿಡದ ಹೂವು ಅಂದ್ರೆ ಆಗದೇ ಇರೋರಿಗೆ, ದಿನಾ ಮಾತ್ರೆಗಿಂತ ಫ್ಲುಟಿಕಾಸೋನ್, ಮೊಮೆಟಾಸೋನ್ ಥರದ ಮೂಗಿನ ಸ್ಪ್ರೇ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತೆ, ನಿದ್ದೆನೂ ಬರಲ್ಲ, ಡಾಕ್ಟ್ರ ಹತ್ರ ಕೇಳಿ. ಕಟ್ಟಿದ ಮೂಗು ಐದು ನಿಮಿಷದಲ್ಲಿ ಬಿಡಿಸೋ ಆಕ್ಸಿಮೆಟಾಜೋಲಿನ್ ಥರದ ಡ್ರಾಪ್ಸ್ ಬೇರೆ, ಅದನ್ನ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ಹಾಕಿದ್ರೆ ಮೂಗು ಇನ್ನೂ ಕಟ್ಟುತ್ತೆ.

ಅಲರ್ಜಿ ಟೆಸ್ಟ್‌ಗೆ ಬರೋಕೆ ಹೇಳಿದ್ದಾರೆ, ಮಾತ್ರೆ ನಿಲ್ಲಿಸ್ಬೇಕಾ?

ಚರ್ಮಕ್ಕೆ ಚುಚ್ಚಿ ಮಾಡೋ ಟೆಸ್ಟ್ ಆದ್ರೆ ಸಾಮಾನ್ಯವಾಗಿ ಐದರಿಂದ ಏಳು ದಿನ ಮುಂಚೆ ನಿಲ್ಲಿಸ್ಬೇಕು, ಇಲ್ಲಾಂದ್ರೆ ಅಲರ್ಜಿ ಇದ್ರೂ ದದ್ದು ಏಳಲ್ಲ, ದುಡ್ಡು ದಂಡ. ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ ಕೂಡ ಲೆಕ್ಕಕ್ಕೆ ಬರುತ್ತೆ ಅನ್ನೋದು ಮರೀಬೇಡಿ. ರಕ್ತದ ಟೆಸ್ಟ್‌ಗೆ ನಿಲ್ಲಿಸೋದು ಬೇಕಿಲ್ಲ.

ಜೇನು ಕಚ್ಚಿ ಮುಖ ಊದಿಕೊಂಡ್ರೆ ಏವಿಲ್ ಸಾಕಾ?

ಬರೀ ಚರ್ಮದ ದದ್ದು, ತುರಿಕೆ ಆದ್ರೆ ಸಾಕು. ಉಸಿರು ಕಟ್ಟೋದು, ಗಂಟಲು ಬಿಗಿಯೋದು, ನಾಲಿಗೆ ಊದೋದು, ತಲೆ ಸುತ್ತಿ ಬೀಳೋದು ಇದ್ರೆ ಏವಿಲ್ ಜೀವ ಉಳಿಸಲ್ಲ, ಅಲ್ಲಿ ಬೇಕಾಗಿರೋದು ಅಡ್ರಿನಲಿನ್ ಇಂಜೆಕ್ಷನ್. ಮಾತ್ರೆ ನುಂಗಿಸಿ ಕಾಯ್ತಾ ಕೂತ್ರೆ ಹೊತ್ತು ಹೋಗುತ್ತೆ. 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕಿದ ಗಾಡಿ ಹತ್ತಿ ಹತ್ತಿರದ ಆಸ್ಪತ್ರೆಗೆ ಹೊರಡಿ.

ಜಾಸ್ತಿ ಮಾತ್ರೆ ನುಂಗಿದ್ರೆ ಏನಾಗುತ್ತೆ? ಯಾವಾಗ ಆಸ್ಪತ್ರೆಗೆ ಓಡ್ಬೇಕು?

ಮೈ ಬಿಸಿಯಾಗಿ ಕೆಂಪಾಗಿ ಬೆವರೇ ಇಲ್ಲದಂಗೆ ಒಣಗಿರೋದು, ಕಣ್ಣಿನ ಪಾಪೆ ದೊಡ್ಡದಾಗೋದು, ಎದೆ ಡವಡವ, ಇಲ್ಲದ್ದನ್ನ ಕಂಡಂಗೆ ಗಾಳಿಯಲ್ಲಿ ಕೈ ಆಡಿಸೋದು, ಆಮೇಲೆ ಫಿಟ್ಸ್, ಹೃದಯದ ಲಯ ತಪ್ಪೋದು. ಚಿಕ್ಕ ಮಕ್ಕಳು ಸಿಹಿ ಸಿರಪ್ ಅಂತ ಬಾಟ್ಲು ಎತ್ತಿ ಕುಡಿದಿದ್ರೆ ಏನೂ ಲಕ್ಷಣ ಕಾಣದಿದ್ರೂ ಹೊರಡಿ. ಉಪ್ಪುನೀರು ಕುಡಿಸಿ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸೋಕೆ ಹೋಗ್ಬೇಡಿ, ಮಂಪರಲ್ಲಿರೋ ಮಗುಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ಒಂದು ಕಡೆಗೆ ವಾಲಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಖಾಲಿ ಸ್ಟ್ರಿಪ್ಪೋ ಬಾಟ್ಲೋ ಏನಿದ್ಯೋ ಅದನ್ನ ಜೊತೆಗೆ ತಗೊಂಡು ಹೋಗಿ, ಕಸಕ್ಕೆ ಹಾಕಿದ್ರೂ ಹುಡುಕಿ ತೆಗೀರಿ. ನೆಗಡಿ ಮಾತ್ರೆ ಆಗಿದ್ರೆ ಒಳಗೆ ಪ್ಯಾರಾಸಿಟಮಾಲ್ ಕೂಡ ಇರುತ್ತೆ, ಅದು ಲಿವರ್‌ಗೆ ಮಾಡೋ ಹಾನಿ ಒಂದೆರಡು ದಿನ ಹೊರಗೆ ಕಾಣ್ಸಲ್ಲ, ಅದಕ್ಕೆ ಕೊಡೋ ಮದ್ದೇ ಬೇರೆ, ಬೇಗ ಕೊಟ್ಟಷ್ಟೂ ಒಳ್ಳೇದು, ಯಾವ ಮಾತ್ರೆ ಎಷ್ಟು ಹೋಯ್ತು ಅನ್ನೋದು ಡಾಕ್ಟ್ರಿಗೆ ಆ ಸ್ಟ್ರಿಪ್ ನೋಡಿದ್ರೇ ಗೊತ್ತಾಗೋದು.